ಕೊನೆಗೆ ತೆರೆದ ಬಾಗಿಲು: ಸಾಂಕ್ರಾಮಿಕ ಕಾಲದಲ್ಲಿ ಶಾಲೆಗಳ ಪುನರಾರಂಭ



ಕರ್ನಾಟಕದ ಶಾಲೆಗಳು 2020ರ ಮಾರ್ಚ್ ನಡುವಿನಲ್ಲಿ ಮುಚ್ಚಿದವು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಅವು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ ಹತ್ತೊಂಬತ್ತು ತಿಂಗಳು ಕಳೆದಿದ್ದವು. ಆ ಅವಧಿಯಲ್ಲಿ ಏನೇನು ಯಾವಾಗ ತೆರೆಯಿತು ಎಂಬುದನ್ನು ಮೊದಲು ತಮ್ಮ ಮುಂದಿಡುತ್ತೇನೆ. ಮದ್ಯದಂಗಡಿಗಳು 2020ರ ಮೇ 4ರಂದು ತೆರೆದವು. ಹೋಟೆಲು, ಮಾಲು, ದೇವಸ್ಥಾನಗಳು ಜೂನ್ 8ರಂದು. ಚಿತ್ರಮಂದಿರಗಳು ಅಕ್ಟೋಬರ್ 15ರಂದು, ಅರ್ಧದಷ್ಟು ಆಸನಗಳೊಂದಿಗೆ. ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಹಳ್ಳಿಗಳಲ್ಲಿ ಮತಗಟ್ಟೆ ಎಂದರೆ ಬಹುಪಾಲು ಸರ್ಕಾರಿ ಶಾಲೆಯ ಕೊಠಡಿಯೇ. ಮತಗಟ್ಟೆಯ ಕೆಲಸಕ್ಕೆ ನೇಮಕವಾಗುವವರಲ್ಲಿ ಮೇಷ್ಟರುಗಳೇ ಹೆಚ್ಚು. ಊರಿನ ದೊಡ್ಡವರೆಲ್ಲ ಸಾಲಾಗಿ ಒಳಹೋಗಿ ಬಂದ ಆ ಕೊಠಡಿಗೆ ಎರಡನೆಯ ತರಗತಿಯ ಮಗು ಮಾತ್ರ ಹೋಗುವಂತಿರಲಿಲ್ಲ.

ಈ ಪಟ್ಟಿಯನ್ನು ಯಾವ ಸರ್ಕಾರವನ್ನೂ ಕಟಕಟೆಗೆ ತರಲು ಓದಲಿಲ್ಲ. ಪಕ್ಷಾತೀತವಾಗಿ ದೇಶದ ಹೆಚ್ಚಿನ ರಾಜ್ಯಗಳಲ್ಲಿ ಇದೇ ಅನುಕ್ರಮ ಇತ್ತು. ನನ್ನ ಆಸಕ್ತಿ ಆ ಅನುಕ್ರಮದ ಹಿಂದಿನ ಆಲೋಚನೆಯಲ್ಲಿದೆ. ‘ತೆರೆಯುವುದು ಸುರಕ್ಷಿತವೇ’ ಎಂಬ ಪ್ರಶ್ನೆಯನ್ನು ನಾವು ಚಿತ್ರಮಂದಿರಕ್ಕೆ ಕೇಳಲಿಲ್ಲ, ಮದುವೆ ಛತ್ರಕ್ಕೆ ಕೇಳಲಿಲ್ಲ. ಅವುಗಳಿಗೆ ಷರತ್ತುಗಳನ್ನು ವಿಧಿಸಿದೆವು ಅಷ್ಟೇ. ಶಾಲೆಗೆ ಮಾತ್ರ ಆ ಪ್ರಶ್ನೆ ಕೇಳಿದೆವು, ಪೂರ್ಣ ಸುರಕ್ಷತೆಯ ಖಾತರಿ ಸಿಗುವವರೆಗೂ ಕಾದೆವು. ಅಂಥ ಖಾತರಿ ಯಾವ ಕಟ್ಟಡವೂ ಯಾವ ಕಾಲದಲ್ಲೂ ಕೊಡಲಾರದು. ಇಂದಿನ ಉಪನ್ಯಾಸದಲ್ಲಿ ನಾನು ಮಂಡಿಸಬಯಸುವ ವಿಚಾರ ಇಷ್ಟು: ಶಾಲೆಯ ಸುರಕ್ಷತೆ ಎರಡು ಕಡೆ ನಿರ್ಧಾರವಾಗುತ್ತದೆ. ಒಂದು, ತರಗತಿಯ ಗಾಳಿಯಲ್ಲಿ. ಇನ್ನೊಂದು, ಶಾಲೆಯ ಗೇಟಿನಿಂದ ಆಚೆ, ಊರಿನ ಉಳಿದ ವ್ಯವಹಾರದಲ್ಲಿ. ಈ ಎರಡನ್ನೂ ಬಿಟ್ಟು ನಾವು ಗೇಟಿನ ಬಳಿ ಜ್ವರ ಅಳೆಯುತ್ತ ನಿಂತೆವು.

ಮೊದಲಿಗೆ, ಮುಚ್ಚಿದ್ದು ತಪ್ಪಾಗಿತ್ತೇ? ಮಾರ್ಚ್ 2020ರಲ್ಲಿ ಮುಚ್ಚಿದ್ದು ತಪ್ಪಲ್ಲ ಎಂದೇ ನನ್ನ ಅಭಿಪ್ರಾಯ. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲೇ ದಾಖಲಾಗಿತ್ತು. ರೋಗ ಹೊಸದು, ಮಕ್ಕಳ ಮೇಲೆ ಅದರ ಪರಿಣಾಮ ಏನೆಂದು ಯಾರಿಗೂ ತಿಳಿದಿರಲಿಲ್ಲ. ಜಗತ್ತಿನ ಬಳಿ ಇದ್ದ ಸಾಂಕ್ರಾಮಿಕ ಯೋಜನೆಗಳೆಲ್ಲ ಫ್ಲೂ ಜ್ವರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಫ್ಲೂ ಹರಡುವಿಕೆಯಲ್ಲಿ ಶಾಲಾಮಕ್ಕಳ ಪಾತ್ರ ದೊಡ್ಡದು. 2009ರ ಹಂದಿಜ್ವರದಲ್ಲಿ ದೇಶದ ಮೊದಲ ಸಾವು ಪುಣೆಯ ಹದಿನಾಲ್ಕು ವರ್ಷದ ಶಾಲಾಬಾಲಕಿಯದಾಗಿತ್ತು. ಅಲ್ಲಿನ ಶಾಲೆಗಳನ್ನು ಕೆಲಕಾಲ ಮುಚ್ಚಲಾಗಿತ್ತು. ಆ ಅನುಭವದ ಆಧಾರದ ಮೇಲೆ 2020ರಲ್ಲಿ ಮೊದಲು ಶಾಲೆ ಮುಚ್ಚಿದ್ದು ಸಹಜ. ಯುನೆಸ್ಕೊ ಲೆಕ್ಕದಂತೆ ಆ ಏಪ್ರಿಲ್‌ನಲ್ಲಿ ನೂರ ತೊಂಬತ್ತಕ್ಕೂ ಹೆಚ್ಚು ದೇಶಗಳಲ್ಲಿ ನೂರೈವತ್ತು ಕೋಟಿಗೂ ಮೀರಿದ ವಿದ್ಯಾರ್ಥಿಗಳು ಮನೆಯಲ್ಲಿದ್ದರು.

ಆದರೆ ಮುಚ್ಚುವಾಗ ಇದ್ದ ಅಜ್ಞಾನ ಹಾಗೆಯೇ ಉಳಿಯಲಿಲ್ಲ. ಡೆನ್ಮಾರ್ಕ್ 2020ರ ಏಪ್ರಿಲ್ 15ರಂದೇ ಶಾಲೆ ತೆರೆಯಿತು. ಅದೂ ಮೊದಲಿಗೆ ಚಿಕ್ಕ ಮಕ್ಕಳಿಗೆ. ಪುಟ್ಟ ಗುಂಪುಗಳು, ಸಾಧ್ಯವಾದಷ್ಟೂ ಬಯಲಿನಲ್ಲಿ ಪಾಠ, ಗುಂಪುಗುಂಪಿನ ನಡುವೆ ಬೆರೆಯುವಿಕೆ ಇಲ್ಲ. ಅಲ್ಲಿ ಸೋಂಕು ಏರಲಿಲ್ಲ. ಇಸ್ರೇಲ್ ಮೇ ತಿಂಗಳ ನಡುವೆ ಪೂರ್ತಿಯಾಗಿ ತೆರೆಯಿತು. ಹತ್ತೇ ದಿನಗಳಲ್ಲಿ ಜೆರುಸಲೇಮಿನ ಒಂದು ಪ್ರೌಢಶಾಲೆಯಲ್ಲಿ 153 ವಿದ್ಯಾರ್ಥಿಗಳಿಗೂ 25 ಸಿಬ್ಬಂದಿಗೂ ಸೋಂಕು ತಗುಲಿತು. ಬಿಸಿಗಾಳಿಯ ಕಾರಣ ಮಾಸ್ಕಿನಿಂದ ವಿನಾಯಿತಿ ಕೊಡಲಾಗಿತ್ತು. ಕಿಟಕಿ ಮುಚ್ಚಿ ಏಸಿ ಹಾಕಲಾಗಿತ್ತು. ಒಂದೊಂದು ಕೊಠಡಿಯಲ್ಲಿ ಮೂವತ್ತೈದಕ್ಕೂ ಹೆಚ್ಚು ಮಕ್ಕಳಿದ್ದರು. ಈ ಎರಡು ದೇಶಗಳ ಅನುಭವವನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಶಾಲೆ ತೆರೆಯಬೇಕೇ ಬೇಡವೇ ಎಂಬ ಚರ್ಚೆ ಹಿಂದೆ ಸರಿಯುತ್ತದೆ. ಹೇಗೆ ತೆರೆಯಬೇಕು, ಯಾರಿಗೆ ಮೊದಲು, ಯಾವ ಗಾಳಿಯಲ್ಲಿ ಎಂಬುದು ಮುಂದೆ ಬರುತ್ತದೆ. 2020ರ ಜುಲೈ ಹೊತ್ತಿಗೆ ಈ ತಿಳಿವಳಿಕೆ ಎಲ್ಲರಿಗೂ ಲಭ್ಯವಿತ್ತು. ನಮ್ಮಲ್ಲಿ ಅದು ಆದೇಶಗಳ ಭಾಷೆಗೆ ಇಳಿಯಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು.

ಗಾಳಿಯ ವಿಷಯವನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಆದೇಶಗಳಲ್ಲಿ ಅತಿ ಕಡಿಮೆ ಜಾಗ ಸಿಕ್ಕಿದ್ದು ಅದಕ್ಕೇ.

ಆರಂಭದ ತಿಂಗಳುಗಳಲ್ಲಿ ಈ ಸೋಂಕು ಕೆಮ್ಮಿನ ದೊಡ್ಡ ಹನಿಗಳಿಂದ, ಮುಟ್ಟಿದ ವಸ್ತುಗಳಿಂದ ಹರಡುತ್ತದೆ ಎಂದು ನಂಬಲಾಗಿತ್ತು. ಹಾಗಾಗಿ ಕೈತೊಳೆಯುವುದು, ಡೆಸ್ಕು ಒರೆಸುವುದು, ಮೂರಡಿ ಆರಡಿ ಅಂತರ, ಗೋಡೆಗೆ ದ್ರಾವಣ ಸಿಂಪಡಿಸುವುದು. 2020ರ ಜುಲೈನಲ್ಲಿ ಲಿಡಿಯಾ ಮೊರಾವ್ಸ್ಕಾ ಮತ್ತು ಡೊನಾಲ್ಡ್ ಮಿಲ್ಟನ್ ಅವರ ನೇತೃತ್ವದಲ್ಲಿ 239 ವಿಜ್ಞಾನಿಗಳು ಒಂದು ಬಹಿರಂಗ ಪತ್ರ ಬರೆದು, ಉಸಿರಿನೊಂದಿಗೆ ಹೊರಬರುವ ಅತಿಸೂಕ್ಷ್ಮ ಕಣಗಳು ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲಾಡುತ್ತವೆ, ಅವುಗಳಿಂದಲೂ ಸೋಂಕು ಹರಡುತ್ತದೆ ಎಂದು ಎಚ್ಚರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಸ್ಪಷ್ಟ ಮಾತುಗಳಲ್ಲಿ ಒಪ್ಪಿಕೊಳ್ಳಲು 2021ರ ಏಪ್ರಿಲ್ ಕೊನೆಯಾಯಿತು. ಸಂಸ್ಥೆಯ ಈ ನಿಧಾನಕ್ಕೆ ಜಗತ್ತಿನ ಶಾಲೆಗಳು ತೆತ್ತ ಬೆಲೆಯನ್ನು ಯಾರೂ ಸರಿಯಾಗಿ ಲೆಕ್ಕ ಹಾಕಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಪ್ರಾಥಮಿಕ ಶಾಲೆಯೊಂದರಲ್ಲಿ 2021ರ ಮೇ ತಿಂಗಳಲ್ಲಿ ನಡೆದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಲಸಿಕೆ ಪಡೆಯದ ಶಿಕ್ಷಕಿಯೊಬ್ಬರು ಅಸ್ವಸ್ಥರಾಗಿದ್ದರೂ ಎರಡು ದಿನ ಶಾಲೆಗೆ ಬಂದರು. ಮಕ್ಕಳಿಗೆ ಗಟ್ಟಿಯಾಗಿ ಕಥೆ ಓದುವಾಗ ಮಾಸ್ಕು ತೆಗೆದರು. ಡೆಸ್ಕುಗಳು ಆರಡಿ ಅಂತರದಲ್ಲಿದ್ದವು. ಇಪ್ಪತ್ತನಾಲ್ಕು ಮಕ್ಕಳಲ್ಲಿ ಹನ್ನೆರಡು ಮಕ್ಕಳಿಗೆ ಸೋಂಕಾಯಿತು. ಮುಂದಿನ ಎರಡು ಸಾಲುಗಳ ಹತ್ತು ಮಕ್ಕಳಲ್ಲಿ ಎಂಟು. ಇಲ್ಲಿ ಗಮನಿಸಬೇಕಾದ್ದು, ಸೋಂಕು ದೊಡ್ಡವರಿಂದ ಮಕ್ಕಳಿಗೆ ಬಂತು. ಮೇಷ್ಟರ ವೃತ್ತಿಯೇ ಗಟ್ಟಿಯಾಗಿ ಮಾತಾಡುವುದು. ಗಟ್ಟಿ ದನಿ ಮೆಲುದನಿಗಿಂತ ಎಷ್ಟೋ ಪಟ್ಟು ಹೆಚ್ಚು ಕಣಗಳನ್ನು ಹೊರಚೆಲ್ಲುತ್ತದೆ. ಬಾಯಿಪಾಠದ ತರಗತಿ, ಮಗ್ಗಿ ಒಪ್ಪಿಸುವ ತರಗತಿ, ಸಾಮೂಹಿಕ ಪ್ರಾರ್ಥನೆ ಇವೆಲ್ಲ ಈ ದೃಷ್ಟಿಯಿಂದ ಮೌನವಾಗಿ ಬರೆಯುವ ತರಗತಿಗಿಂತ ಬೇರೆ.

ಕೊಠಡಿಯ ಗಾಳಿಯನ್ನು ಅಳೆಯುವ ಸುಲಭ ಉಪಾಯವೊಂದಿದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ ಸುಮಾರು 420 ಪಾಲು. ನಾವು ಬಿಡುವ ಉಸಿರಿನಲ್ಲಿ ಅದು ಸುಮಾರು 40,000. ಕೊಠಡಿಯೊಳಗೆ ಆ ಪ್ರಮಾಣ 1,200 ತೋರಿಸಿದರೆ, ಅಲ್ಲಿ ಕುಳಿತ ಮಗು ಎಳೆದುಕೊಳ್ಳುವ ಪ್ರತಿ ಐವತ್ತು ಪಾಲು ಗಾಳಿಯಲ್ಲಿ ಸುಮಾರು ಒಂದು ಪಾಲು ಬೇರೊಬ್ಬರು ಬಿಟ್ಟ ಉಸಿರು ಎಂದರ್ಥ. 800ರ ಒಳಗಿದ್ದರೆ ಗಾಳಿಯಾಟ ಚೆನ್ನಾಗಿದೆ ಎಂದು ತಜ್ಞರು ಹೇಳುತ್ತಾರೆ. ಅಂಗೈಯಗಲದ ಮೀಟರು ಇದನ್ನು ತೋರಿಸುತ್ತದೆ. ಒಂದು ಕ್ಲಸ್ಟರಿಗೆ ಒಂದು ಮೀಟರು ಕೊಟ್ಟು, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ತಿಂಗಳಿಗೊಮ್ಮೆ ಶಾಲೆಶಾಲೆಗೆ ಒಯ್ದು ಕೊಠಡಿಗಳನ್ನು ಪರೀಕ್ಷಿಸಿದ್ದರೆ, ಯಾವ ಕೊಠಡಿಯಲ್ಲಿ ಎಷ್ಟು ಮಕ್ಕಳು ಕೂರಬಹುದು ಎಂಬುದಕ್ಕೆ ಆಧಾರ ಸಿಗುತ್ತಿತ್ತು. ಅದರ ಬದಲು ಪ್ರತಿ ಶಾಲೆಗೂ ಥರ್ಮಲ್ ಸ್ಕ್ಯಾನರ್ ಬಂತು. ರೋಗಲಕ್ಷಣವೇ ಇಲ್ಲದೆ ಸೋಂಕು ಹರಡುವ ಕಾಯಿಲೆಯನ್ನು ಹಣೆಗೆ ಹಿಡಿಯುವ ಆ ಸಾಧನ ಹೇಗೆ ತಡೆದೀತು? ಅದು ಪೋಷಕರಿಗೆ ಸಮಾಧಾನ ಕೊಟ್ಟಿತು, ನಿಜ. ಸಮಾಧಾನಕ್ಕೂ ಒಂದು ಬೆಲೆ ಇದೆ ಎಂದು ಒಪ್ಪುತ್ತೇನೆ. ಆದರೆ ಕಿಟಕಿ ತೆರೆಯುವುದಕ್ಕೆ ಅಷ್ಟು ಬೆಲೆಯೂ ತಗಲುತ್ತಿರಲಿಲ್ಲ.

ನಮ್ಮ ಹಳೆಯ ಸರ್ಕಾರಿ ಶಾಲೆಗಳ ಕಟ್ಟಡಗಳನ್ನು ನೆನಪು ಮಾಡಿಕೊಳ್ಳಿ. ಎತ್ತರದ ಮಂಗಳೂರು ಹೆಂಚಿನ ಮಾಡು, ಎದುರುಬದುರು ಕಿಟಕಿಗಳು, ಮುಂದೆ ಉದ್ದದ ಜಗಲಿ, ಎದುರಿಗೆ ಮರವಿರುವ ಅಂಗಳ. ಬಡತನದ ಗುರುತೆಂದು ನಾವು ನಾಚಿಕೊಳ್ಳುತ್ತಿದ್ದ ಈ ಕಟ್ಟಡ ಗಾಳಿಯ ವಿಷಯದಲ್ಲಿ ನಗರದ ಗಾಜುಗೋಡೆಯ ಹವಾನಿಯಂತ್ರಿತ ಶಾಲೆಗಿಂತ ಸುರಕ್ಷಿತ. ಆದರೂ ಎಲ್ಲ ಶಾಲೆಗಳಿಗೂ ಒಂದೇ ಆದೇಶ ಅನ್ವಯವಾಯಿತು. ಹಳೆಯ ಕಟ್ಟಡಗಳನ್ನು ಹೀಗೆ ಹೊಗಳುವಾಗ ಮಲೆನಾಡು, ಕರಾವಳಿಗಳ ಜುಲೈ ತಿಂಗಳನ್ನು ಮರೆಯಬಾರದು. ಇರಚಲು ಹೊಡೆಯುವ ಮಳೆಗೆ ಕಿಟಕಿ ಮುಚ್ಚಲೇಬೇಕು. ಬಯಲುಸೀಮೆಯ ಅಂಗಳದಲ್ಲಿ ಮರದಡಿ ಪಾಠ ಮಾಡಬಹುದಾದ ದಿನಗಳಲ್ಲೇ ತೀರ್ಥಹಳ್ಳಿಯಲ್ಲೋ ಸುಳ್ಯದಲ್ಲೋ ಅದು ಸಾಧ್ಯವಿಲ್ಲ. ಶಾಲೆಯ ಕ್ಯಾಲೆಂಡರನ್ನೇ ಪ್ರದೇಶಕ್ಕೆ ತಕ್ಕಂತೆ ತಿರುಗಿಸಿ, ಮಳೆನಾಡಿನಲ್ಲಿ ಬಯಲು ಪಾಠದ ತಿಂಗಳುಗಳನ್ನು ಅಕ್ಟೋಬರಿನಿಂದ ಹಿಡಿಯಬೇಕಾಗುತ್ತಿತ್ತು.

ಬಯಲು ಶಾಲೆ ಹೊಸ ಕಲ್ಪನೆಯೇನಲ್ಲ. ಕ್ಷಯರೋಗದ ಭಯದ ಕಾಲದಲ್ಲಿ, 1904ರಲ್ಲಿ, ಬರ್ಲಿನ್ ಪಕ್ಕದ ಚಾರ್ಲೊಟೆನ್‌ಬರ್ಗ್‌ನ ಕಾಡಿನಲ್ಲಿ ದುರ್ಬಲ ಮಕ್ಕಳಿಗಾಗಿ ಅಂಥ ಶಾಲೆ ಶುರುವಾಯಿತು. 1908ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರ ಅದನ್ನು ಅನುಸರಿಸಿತು. ಶಾಂತಿನಿಕೇತನದಲ್ಲಿ 1901ರಿಂದ ಮರದ ನೆರಳೇ ತರಗತಿಯಾದದ್ದು ಬೇರೆ ಕಾರಣಕ್ಕೆ, ಆದರೆ ಉಪಯೋಗ ಒಂದೇ. ಇಷ್ಟಾಗಿಯೂ ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಸರ್ವಋತು ಕಟ್ಟಡ, ಶೌಚಾಲಯ, ಕುಡಿಯುವ ನೀರು, ಅಡುಗೆಮನೆ, ಆಟದ ಮೈದಾನ, ಕಾಂಪೌಂಡು ಎಲ್ಲವೂ ಇವೆ. ಗಾಳಿಯಾಟದ ಅಳತೆ ಇಲ್ಲ.

ಇನ್ನು ಗೇಟಿನ ಆಚೆಗೆ ಬರುತ್ತೇನೆ.

ಸಾಂಕ್ರಾಮಿಕದ ಕಾಲದಲ್ಲಿ ಒಂದು ಊರು ತಾಳಿಕೊಳ್ಳಬಹುದಾದ ಸೋಂಕಿಗೆ ಮಿತಿ ಇರುತ್ತದೆ. ಆಸ್ಪತ್ರೆಯ ಹಾಸಿಗೆಗಳೇ ಆ ಮಿತಿಯನ್ನು ಹೇಳುತ್ತವೆ. ಬಡ ಸಂಸಾರದ ತಿಂಗಳ ಸಂಬಳ ಇದ್ದಹಾಗೆ: ಇರುವುದು ಇಷ್ಟೇ, ಯಾವುದಕ್ಕೆ ಮೊದಲು ಎಂದು ಯಜಮಾನ ತೀರ್ಮಾನಿಸಬೇಕು. ನಾವು ಅದನ್ನು ಮದುವೆಗೆ ಖರ್ಚು ಮಾಡಿದೆವು, ಚುನಾವಣಾ ಸಭೆಗೆ ಮಾಡಿದೆವು, ಬಾರಿಗೆ ಮಾಡಿದೆವು. ಮಕ್ಕಳ ಸರದಿ ಬಂದಾಗ ಉಳಿದಿರಲಿಲ್ಲ. ಸ್ವೀಡನ್ ಹದಿನಾರರ ಒಳಗಿನ ಮಕ್ಕಳ ಶಾಲೆಗಳನ್ನು ಮುಚ್ಚಲೇ ಇಲ್ಲ. ಡೆನ್ಮಾರ್ಕ್‌ನಲ್ಲಿ ಶಾಲೆ ಮೊದಲು ತೆರೆಯಿತು, ರೆಸ್ಟೋರೆಂಟು ಆಮೇಲೆ. ಸ್ವೀಡನ್ನಿನ ಒಟ್ಟು ಕೋವಿಡ್ ನೀತಿಯನ್ನು ನಾನು ಹೊಗಳುತ್ತಿಲ್ಲ. ವೃದ್ಧರ ವಿಷಯದಲ್ಲಿ ಅದು ಎಡವಿತು. ನನ್ನ ಮಾತು ಅನುಕ್ರಮದ ಬಗ್ಗೆ ಮಾತ್ರ.

ಮಕ್ಕಳನ್ನು ಮನೆಯಲ್ಲಿಟ್ಟು ಕಾಪಾಡಿದೆವು ಎಂಬ ನಂಬಿಕೆಗೂ ಪುರಾವೆ ಗಟ್ಟಿಯಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2021ರ ಜೂನ್–ಜುಲೈನಲ್ಲಿ ನಡೆಸಿದ ನಾಲ್ಕನೆಯ ರಾಷ್ಟ್ರೀಯ ರಕ್ತಪರೀಕ್ಷಾ ಸಮೀಕ್ಷೆಯಲ್ಲಿ ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ 57.2ರಷ್ಟು ಮಂದಿಯ ರಕ್ತದಲ್ಲಿ ಸೋಂಕಿನ ಪ್ರತಿಕಾಯಗಳು ಸಿಕ್ಕವು. ಹತ್ತರಿಂದ ಹದಿನೇಳರವರಲ್ಲಿ ಶೇ 61.6. ಹಲವು ರಾಜ್ಯಗಳಲ್ಲಿ ಆ ಚಿಕ್ಕ ಮಕ್ಕಳು ಶಾಲೆ ಮುಚ್ಚಿದಂದಿನಿಂದ ಒಂದು ದಿನವೂ ಶಾಲೆಗೆ ಹೋಗಿರಲಿಲ್ಲ. ಆ ವಯಸ್ಸಿನವರಿಗೆ ಲಸಿಕೆ ಇರಲಿಲ್ಲ. ಕೆಲಸಕ್ಕೆ, ಸಂತೆಗೆ, ಮದುವೆಗೆ ಹೋಗಿಬಂದ ದೊಡ್ಡವರಿಂದ, ಒಂದೇ ಕೋಣೆಯ ಮನೆಗಳಲ್ಲಿ ಅವರಿಗೆ ಸೋಂಕು ಬಂದಿತ್ತು. ಮುಚ್ಚಿದ ಶಾಲೆ ಮಕ್ಕಳನ್ನು ಸೋಂಕಿನಿಂದ ಪೂರ್ತಿ ಕಾಯಲಿಲ್ಲ. ಪಾಠದಿಂದ ಮಾತ್ರ ಪೂರ್ತಿ ದೂರವಿಟ್ಟಿತು. ಈ ಅಂಕಿಗಳು ಬಂದಾಗಲೇ ಮಂಡಳಿಯ ಮಹಾನಿರ್ದೇಶಕ ಬಲರಾಮ್ ಭಾರ್ಗವ ಅವರು ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನು ಮೊದಲು ತೆರೆಯಬಹುದು, ಸಿಬ್ಬಂದಿಗೆ ಲಸಿಕೆ ಆಗಿರಲಿ ಎಂದರು. ನಮ್ಮಲ್ಲಿ ನಡೆದದ್ದು ತದ್ವಿರುದ್ಧ: 2021ರ ಆಗಸ್ಟ್ 23ರಂದು ಒಂಬತ್ತರಿಂದ ಹನ್ನೆರಡು, ಸೆಪ್ಟೆಂಬರ್ 6ರಂದು ಆರರಿಂದ ಎಂಟು, ಕೊನೆಗೆ ಒಂದರಿಂದ ಐದು. ಪರೀಕ್ಷೆ ಇರುವ ತರಗತಿಗೆ ಮೊದಲ ಮಣೆ ಹಾಕುವುದು ನಮ್ಮ ಹಳೆಯ ಚಾಳಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು 2020ರ ಜೂನ್‌ನಲ್ಲಿ, ಸೋಂಕು ಏರುತ್ತಿದ್ದಾಗಲೇ, ಎಂಟು ಲಕ್ಷಕ್ಕೂ ಹೆಚ್ಚು ನೋಂದಾಯಿತ ವಿದ್ಯಾರ್ಥಿಗಳಿಗೆ ನಡೆಸಿ ತೋರಿಸಿದ ರಾಜ್ಯ ನಮ್ಮದು. ಅಷ್ಟು ದೊಡ್ಡ ಏರ್ಪಾಡು ಮಾಡಬಲ್ಲ ಇಲಾಖೆಗೆ ಅಕ್ಷರ ಕಲಿಯುವ ಮಕ್ಕಳನ್ನು ವಾರಕ್ಕೆ ಮೂರು ದಿನ ಜಗಲಿಯಲ್ಲಿ ಕೂರಿಸುವುದು ಅಸಾಧ್ಯವಾಗಿತ್ತು ಎಂದು ನಂಬುವುದು ಕಷ್ಟ.

ಮಕ್ಕಳಿಗೆ ಅಪಾಯವೇ ಇರಲಿಲ್ಲ ಎಂದು ಯಾರೂ ಭಾವಿಸಬಾರದು. ತೀವ್ರ ಕಾಯಿಲೆ ಅವರಲ್ಲಿ ವಿರಳವಾಗಿತ್ತು. ಆದರೂ ಸೋಂಕಿನ ಕೆಲವು ವಾರಗಳ ನಂತರ ಹಲವು ಅಂಗಗಳಲ್ಲಿ ಉರಿಯೂತ ಉಂಟಾಗುವ ಗಂಭೀರ ತೊಂದರೆ ಕೆಲವು ಮಕ್ಕಳನ್ನು ಕಾಡಿತು. ಬೇರೆ ಕಾಯಿಲೆ ಇರುವ ಮಕ್ಕಳಿಗೆ ಮನೆಯಲ್ಲೇ ಕಲಿಯುವ ಅವಕಾಶ ಬೇಕೇಬೇಕಿತ್ತು. ಮೂರನೆಯ ಅಲೆ ಮಕ್ಕಳನ್ನೇ ಹುಡುಕಿಕೊಂಡು ಬರುತ್ತದೆ ಎಂಬ 2021ರ ಮೇ ತಿಂಗಳ ಭವಿಷ್ಯವಾಣಿಗೆ ಮಾತ್ರ ಆಧಾರವಿರಲಿಲ್ಲ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಆಗಲೇ ಹಾಗೆಂದು ಹೇಳಿತ್ತು. ಟಿವಿ ಚಾನೆಲ್ಲುಗಳ ಗದ್ದಲದಲ್ಲಿ ಆ ಮಾತು ಯಾರಿಗೂ ಕೇಳಿಸಲಿಲ್ಲ.

ಶಿಕ್ಷಕರ ಮಾತು ಬೇರೆ. ಸ್ವೀಡನ್ನಿನಲ್ಲಿ ನಡೆದ ಒಂದು ಅಧ್ಯಯನ, ತೆರೆದ ಶಾಲೆಗಳ ಶಿಕ್ಷಕರಿಗೆ ಆನ್‌ಲೈನ್ ಪಾಠ ಮಾಡುತ್ತಿದ್ದ ಶಿಕ್ಷಕರಿಗಿಂತ ಸುಮಾರು ಎರಡು ಪಟ್ಟು ಸೋಂಕು ತಗುಲಿತು ಎಂದು ತೋರಿಸಿದೆ. ಶಾಲೆ ತೆರೆಯಿರಿ ಎಂದು ವಾದಿಸುವವರು ಈ ಸಂಗತಿಯನ್ನು ಮುಚ್ಚಿಡಬಾರದು. ಐವತ್ತೈದು ದಾಟಿದ, ಸಕ್ಕರೆ ಕಾಯಿಲೆಯ ಮೇಷ್ಟರನ್ನು ತರಗತಿಗೆ ಕಳಿಸುವ ಸಮಾಜ ಅವರ ತೋಳಿಗೆ ಲಸಿಕೆಯನ್ನೂ ಮೊದಲೇ ಕಳಿಸಬೇಕು. ನಮ್ಮಲ್ಲಿ ಶಿಕ್ಷಕರನ್ನು ಕೋವಿಡ್ ಸಮೀಕ್ಷೆಗೆ, ಚೆಕ್‌ಪೋಸ್ಟಿಗೆ, ಚುನಾವಣೆಗೆ ಮುಂಚೂಣಿ ಕಾರ್ಯಕರ್ತರಂತೆ ದುಡಿಸಿಕೊಂಡೆವು. ಶಿಕ್ಷಕರಿಗೆಂದೇ ಕೇಂದ್ರ ಸರ್ಕಾರ ರಾಜ್ಯಗಳಿಗೆ ಎರಡು ಕೋಟಿ ಹೆಚ್ಚುವರಿ ಡೋಸ್ ಕೊಟ್ಟದ್ದು 2021ರ ಆಗಸ್ಟ್ ಕೊನೆಯಲ್ಲಿ, ಶಿಕ್ಷಕರ ದಿನಾಚರಣೆಯೊಳಗೆ ಮುಗಿಸಿ ಎಂಬ ಸೂಚನೆಯೊಂದಿಗೆ. ಎರಡನೆಯ ಅಲೆ ಆಗಲೇ ಬಂದು ಹೋಗಿತ್ತು.

ಶ್ರೋತೃಗಳೇ, ನಮ್ಮ ರಾಜ್ಯ ಈ ವಿಷಯದಲ್ಲಿ ಸ್ವಂತ ಬುದ್ಧಿಯಿಂದ ಮಾಡಿದ ಒಂದು ಪ್ರಯೋಗವಿದೆ. ಅದಕ್ಕೆ ಸಿಗಬೇಕಾದ ಗೌರವವೂ ಸಿಗಲಿಲ್ಲ, ಆಗಬೇಕಾದ ವಿಮರ್ಶೆಯೂ ಆಗಲಿಲ್ಲ. ಅದು ‘ವಿದ್ಯಾಗಮ’. 2020ರ ಆಗಸ್ಟ್‌ನಲ್ಲಿ ಶುರುವಾದ ಈ ಯೋಜನೆಯಲ್ಲಿ ಮಕ್ಕಳು ಶಾಲೆಗೆ ಬರಲಿಲ್ಲ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋದರು. ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ಮೂರು ಕಾಲ್ಪನಿಕ ಕೋಣೆಗಳಾಗಿ ವಿಂಗಡಿಸಿ, ಅರಳಿಕಟ್ಟೆ, ಸಮುದಾಯ ಭವನ, ದೇವಸ್ಥಾನದ ಜಗಲಿ, ಮರದಡಿಗಳಲ್ಲಿ ಪುಟ್ಟ ಗುಂಪುಗಳಿಗೆ ಪಾಠ ನಡೆಯಿತು. ‘ವಠಾರ ಶಾಲೆ’ ಎಂಬ ಹೆಸರು ಜನರ ಬಾಯಲ್ಲಿ ನಿಂತಿತು. ಡೆನ್ಮಾರ್ಕ್ ಹಣ ಖರ್ಚು ಮಾಡಿ ರೂಪಿಸಿದ್ದನ್ನು ನಮ್ಮ ಮೇಷ್ಟರುಗಳು ಸ್ವಂತ ಬೈಕಿಗೆ ಸ್ವಂತ ಪೆಟ್ರೋಲು ಹಾಕಿಕೊಂಡು ಮಾಡಿದರು: ಸಣ್ಣ ಗುಂಪು, ತೆರೆದ ಗಾಳಿ, ಕಡಿಮೆ ಹೊತ್ತು.

ದೋಷಗಳು ಇದ್ದವು. ಊರ ದೇವಸ್ಥಾನದ ಜಗಲಿ ಎಲ್ಲ ಕೇರಿಯ ಮಕ್ಕಳಿಗೂ ಒಂದೇ ರೀತಿ ತೆರೆದಿರುತ್ತದೆಯೇ ಎಂದು ಯೋಜನೆ ರೂಪಿಸಿದವರು ಕೇಳಿಕೊಂಡಂತೆ ಕಾಣುವುದಿಲ್ಲ. ಶಾಲೆಯ ಅಂಗಳ ಕಾನೂನಿನ ಪ್ರಕಾರವಾದರೂ ಎಲ್ಲರದು. ಶಾಲೆಯಲ್ಲಿ ಶೌಚಾಲಯವಿತ್ತು, ನೀರಿತ್ತು. ಮರದಡಿ ಅವು ಇರಲಿಲ್ಲ. ಹಾಗಿದ್ದರೆ ಖಾಲಿ ಬಿದ್ದ ಶಾಲೆಯ ಅಂಗಳವನ್ನೇ ಏಕೆ ಬಳಸಲಿಲ್ಲ? ಪಾಠವನ್ನು ಶಾಲೆಯ ಹೊರಗೆ ನಡೆಸುವುದು, ಶಾಲೆ ಮುಚ್ಚಿದೆ ಎಂಬ ಕೇಂದ್ರದ ನಿಯಮವನ್ನು ಮುರಿಯದಿರುವ ಜಾಣ ದಾರಿಯಾಗಿತ್ತು. ಕಾಗದದ ಮೇಲಿನ ನಿಯಮ ಉಳಿಯಲೆಂದು ಮಕ್ಕಳು ಬೀದಿಯ ಬದಿಗೆ ಬಂದರು. ಅಕ್ಟೋಬರ್ ಎರಡನೆಯ ವಾರದಲ್ಲಿ ಕೆಲವು ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿ ಬಂದು ವಿರೋಧ ಎದ್ದಾಗ, ಸರ್ಕಾರ ಇಡೀ ರಾಜ್ಯದಲ್ಲಿ ವಿದ್ಯಾಗಮವನ್ನು ನಿಲ್ಲಿಸಿತು. ಸೋಂಕು ಪಾಠದಿಂದ ಬಂತೋ ಮನೆಯಿಂದ ಬಂತೋ ಎಂಬ ವಿಚಾರಣೆಗೆ ಯಾರೂ ಕಾಯಲಿಲ್ಲ. ವಾರದೊಳಗೇ ಚಿತ್ರಮಂದಿರಗಳು ತೆರೆದವು. ಪರಿಷ್ಕೃತ ರೂಪದಲ್ಲಿ, ಶಾಲೆಯ ಆವರಣದೊಳಗೇ, ವಿದ್ಯಾಗಮ ಮರಳಿದ್ದು 2021ರ ಜನವರಿಯಲ್ಲಿ, ಆರರಿಂದ ಒಂಬತ್ತನೆಯ ತರಗತಿಯವರಿಗೆ. ಏಪ್ರಿಲ್ ಹೊತ್ತಿಗೆ ಎರಡನೆಯ ಅಲೆ ಎಲ್ಲವನ್ನೂ ಮತ್ತೆ ಮುಚ್ಚಿಸಿತು.

ಆನ್‌ಲೈನ್ ಪಾಠದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸುಳ್ಯ ಭಾಗದ ಹಳ್ಳಿಯಲ್ಲಿ ಸಿಗ್ನಲ್ ಸಿಗುವ ರಸ್ತೆಬದಿಯಲ್ಲಿ ಮಗಳು ತರಗತಿ ಕೇಳುತ್ತಿದ್ದರೆ ಮಳೆಯಲ್ಲಿ ತಂದೆ ಕೊಡೆ ಹಿಡಿದು ನಿಂತ ಚಿತ್ರ ನಾಡೆಲ್ಲ ನೋಡಿದ್ದೇ. ಚಂದನ ವಾಹಿನಿಯ ‘ಸಂವೇದ’ ಪಾಠಗಳು ಒಳ್ಳೆಯ ಪ್ರಯತ್ನ. ಅವು ಮುಖ್ಯವಾಗಿ ಪ್ರೌಢಶಾಲೆಗೆ ಉಪಯೋಗಕ್ಕೆ ಬಂದವು. 2021ರ ಆಗಸ್ಟ್‌ನಲ್ಲಿ ಹದಿನೈದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಸುಮಾರು 1,400 ಬಡ ಕುಟುಂಬಗಳಲ್ಲಿ ಜ್ಯಾಂ ಡ್ರೆಜ್, ರೀತಿಕಾ ಖೇರಾ ಮತ್ತು ಸಂಗಡಿಗರು ನಡೆಸಿದ ಸಮೀಕ್ಷೆಯಂತೆ, ಹಳ್ಳಿಯ ಮಕ್ಕಳಲ್ಲಿ ಆನ್‌ಲೈನಿನಲ್ಲಿ ನಿಯಮಿತವಾಗಿ ಕಲಿಯುತ್ತಿದ್ದವರು ಶೇ 8. ಏನನ್ನೂ ಓದದೇ ಇದ್ದವರು ಶೇ 37. ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು 2021ರ ಜನವರಿಯಲ್ಲಿ ಪರೀಕ್ಷಿಸಿದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಧ್ಯಯನ ಹೇಳಿದ್ದು, ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷಾ ಕೌಶಲಗಳಲ್ಲಿ ಕನಿಷ್ಠ ಒಂದನ್ನು ಮರೆತಿದ್ದರು. ಗಣಿತದಲ್ಲಿ ಶೇ 82. ಗ್ರಾಮೀಣ ಕರ್ನಾಟಕದಲ್ಲಿ ಎರಡನೆಯ ತರಗತಿಯ ಪಠ್ಯ ಓದಬಲ್ಲ ಮೂರನೆಯ ತರಗತಿಯ ಮಕ್ಕಳು 2018ರಲ್ಲಿ ಶೇ 19.2 ಇದ್ದರು, 2021ರ ಆರಂಭದಲ್ಲಿ ಶೇ 9.8. ಮೊದಲ ಅಂಕಿಯೂ ಹೆಮ್ಮೆ ಪಡುವಂಥದ್ದಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಕಲಿಕೆಯ ನಷ್ಟಕ್ಕೆ ಸಮೀಕ್ಷೆಗಳಿವೆ. ಬಿಸಿಯೂಟದ ನಷ್ಟಕ್ಕೆ ಅಂಥ ಸ್ಪಷ್ಟ ಅಳತೆ ಇಲ್ಲ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ ನಾಡಿಗೆಲ್ಲ ಹಬ್ಬಿದ ಅಕ್ಷರ ದಾಸೋಹ, 2013ರಿಂದ ಅದಕ್ಕೆ ಸೇರಿದ ಕ್ಷೀರಭಾಗ್ಯದ ಹಾಲು ಎರಡೂ ನಿಂತವು. ಅಕ್ಕಿ ಬೇಳೆಯನ್ನು ಮನೆಗೆ ಕೊಟ್ಟರು, ಕೆಲವು ಬಾರಿ ತಡವಾಗಿ. ಮನೆಗೆ ಬಂದ ಅಕ್ಕಿ ಮನೆಯವರೆಲ್ಲರ ತಟ್ಟೆಗೆ ಹೋಗುತ್ತದೆ. ಅದರಲ್ಲಿ ತಪ್ಪೂ ಇಲ್ಲ. ಶಾಲೆಯ ತಟ್ಟೆ ಮಾತ್ರ ಮಗುವಿನದೇ. 1918ರ ಫ್ಲೂ ಕಾಲದಲ್ಲಿ ನ್ಯೂಯಾರ್ಕ್, ಶಿಕಾಗೊ, ನ್ಯೂ ಹೇವನ್ ನಗರಗಳು ಶಾಲೆ ಮುಚ್ಚದೇ ಇದ್ದದ್ದಕ್ಕೂ ಇಂಥದೇ ಕಾರಣವಿತ್ತು. ನ್ಯೂಯಾರ್ಕಿನ ಆರೋಗ್ಯ ಆಯುಕ್ತ ರಾಯಲ್ ಕೋಪ್‌ಲ್ಯಾಂಡ್ ಮತ್ತು ಮಕ್ಕಳ ಆರೋಗ್ಯ ವಿಭಾಗದ ಮುಖ್ಯಸ್ಥೆ ಡಾ. ಜೋಸೆಫೀನ್ ಬೇಕರ್ ಅವರ ವಾದ ಸರಳ: ಮಕ್ಕಳು ಕಿಕ್ಕಿರಿದ ಬಾಡಿಗೆ ಮನೆಗಳಿಂದ ಬರುತ್ತಾರೆ, ಶಾಲೆಯಲ್ಲಾದರೆ ಗಾಳಿಬೆಳಕು ಇದೆ, ದಿನವೂ ನೋಡುವ ದಾದಿಯರಿದ್ದಾರೆ. ಅಲ್ಲಿ ಶಾಲಾ ಆರೋಗ್ಯ ತಪಾಸಣೆಯ ವ್ಯವಸ್ಥೆ ಮೊದಲೇ ಬೇರೂರಿತ್ತು ಎಂಬುದು ಆ ಧೈರ್ಯದ ಮೂಲ. ನಮ್ಮ ಎಷ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಪಕ್ಕದ ಶಾಲೆಗೂ ದಿನನಿತ್ಯದ ಸಂಬಂಧವಿದೆ?

ಹಾಗಾದರೆ ತೆರೆಯುವ ತೀರ್ಮಾನ ಯಾರು ಮಾಡಬೇಕು? ಬೆಂಗಳೂರಿನ ಸೋಂಕಿನ ಪ್ರಮಾಣ ನೋಡಿ ಸುರಪುರದ ಶಾಲೆ ಮುಚ್ಚುವುದು 2020ರಲ್ಲಿ ನಡೆದುಹೋಯಿತು. 2021ರ ಆಗಸ್ಟ್ ಹೊತ್ತಿಗೆ ಸೋಂಕಿನ ಪ್ರಮಾಣ ಶೇ 2ಕ್ಕಿಂತ ಕಡಿಮೆ ಇರುವ ಕಡೆ ತೆರೆಯಿರಿ ಎಂಬ ಮಿತಿ ಬಂತು. ಕೊಡಗು, ದಕ್ಷಿಣ ಕನ್ನಡ, ಉಡುಪಿಯಂಥ ಜಿಲ್ಲೆಗಳು ಆಗಸ್ಟ್ 23ರಂದು ತೆರೆಯಲಿಲ್ಲ. 2022ರ ಜನವರಿಯ ಒಮಿಕ್ರಾನ್ ಅಲೆಯಲ್ಲಿ ಬೆಂಗಳೂರಿನ ಶಾಲೆಗಳನ್ನು ಮಾತ್ರ ಮೊದಲು ಮುಚ್ಚಿ, ಉಳಿದ ಕಡೆ ಜಿಲ್ಲಾಧಿಕಾರಿಗಳಿಗೆ ಬಿಟ್ಟು, ತಿಂಗಳೊಳಗೇ ಮತ್ತೆ ತೆರೆದರು. ಎರಡು ವರ್ಷಗಳಲ್ಲಿ ಆಡಳಿತ ಕಲಿತ ಪಾಠ ಇದು, ಕಲಿತದ್ದನ್ನು ಮೆಚ್ಚಬೇಕು. ನನ್ನ ತಕರಾರು ಪೋಷಕರ ಒಪ್ಪಿಗೆ ಪತ್ರದ ಬಗ್ಗೆ. ಮಗುವನ್ನು ಕಳಿಸಲು ತಂದೆತಾಯಿ ಲಿಖಿತ ಒಪ್ಪಿಗೆ ಕೊಡಬೇಕು ಎಂಬ ನಿಯಮ ಹೊರನೋಟಕ್ಕೆ ಅವರ ಹಕ್ಕನ್ನು ಗೌರವಿಸುವಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಹೊಣೆಯನ್ನು ವಿಧಾನಸೌಧದಿಂದ ಇಳಿಸಿ, ಹೆಬ್ಬೆಟ್ಟು ಒತ್ತುವ ಕೂಲಿಯವನ ಹೆಗಲಿಗೆ ಏರಿಸಿತು. ಕೊಠಡಿಯಲ್ಲಿ ಗಾಳಿ ಹೇಗಿದೆ, ಮೇಷ್ಟರಿಗೆ ಲಸಿಕೆ ಆಗಿದೆಯೇ ಎಂಬ ಮಾಹಿತಿಯನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ. ಆ ಮಾಹಿತಿ ಕೇಳಬಲ್ಲ ಸಂಸ್ಥೆ ನಮ್ಮಲ್ಲಿ ಮೊದಲಿನಿಂದಲೂ ಇದೆ: ಎಸ್‌ಡಿಎಂಸಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಅದನ್ನು ಧ್ವಜಾರೋಹಣಕ್ಕೂ ಕಾಮಗಾರಿ ಸಹಿಗೂ ಮೀಸಲಿಟ್ಟಿದ್ದೇವೆ.

ಮುಂದಿನ ಸಾಂಕ್ರಾಮಿಕ ಕೋವಿಡ್‌ನಂತೆ ಇರಬೇಕಾಗಿಲ್ಲ. ಮಕ್ಕಳನ್ನೇ ಹೆಚ್ಚು ಕಾಡುವ ಫ್ಲೂ ಬಂದರೆ ಶಾಲೆಯನ್ನು ಬೇಗ, ಬಿಗಿಯಾಗಿ ಮುಚ್ಚಬೇಕಾದೀತು. ಹಾಗಾಗಿ ‘ಎಂದೂ ಮುಚ್ಚಬಾರದು’ ಎಂಬ ಶಪಥ ನನಗೆ ಒಪ್ಪಿಗೆಯಿಲ್ಲ. ಬೇಕಾದ್ದು ಒಂದು ಕಟ್ಟುಪಾಡು. ಪ್ಲೇಗಿನ ಭಯದಲ್ಲಿ ಬರೆದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಹುಟ್ಟಿದಾಗ ನಾಲ್ಕೇ ಕಲಮುಗಳದು. ಮುಚ್ಚುವ ಅಧಿಕಾರವನ್ನು ಅದು ಧಾರಾಳವಾಗಿ ಕೊಡುತ್ತದೆ, ಮತ್ತೆ ತೆರೆಯುವ ಕರ್ತವ್ಯದ ಬಗ್ಗೆ ಮಾತಿಲ್ಲ. ಇತ್ತ ಸಂವಿಧಾನದ 21ಎ ವಿಧಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದೆ. ಶಿಕ್ಷಣ ಹಕ್ಕು ಕಾಯ್ದೆ ವರ್ಷಕ್ಕೆ ಒಂದರಿಂದ ಐದಕ್ಕೆ 200, ಆರರಿಂದ ಎಂಟಕ್ಕೆ 220 ಕೆಲಸದ ದಿನಗಳನ್ನು ನಿಗದಿ ಮಾಡಿದೆ. ಮೂಲಭೂತ ಹಕ್ಕೊಂದನ್ನು ಅಮಾನತಿನಲ್ಲಿಡುವ ಆದೇಶಕ್ಕೆ ಅವಧಿ ಇರಬೇಕು. ಎರಡು ವಾರಕ್ಕೊಮ್ಮೆ ಅದು ತಾನಾಗಿ ರದ್ದಾಗಲಿ. ಮುಂದುವರಿಸಬೇಕಾದರೆ ಕಾರಣವನ್ನು, ಆಧಾರವನ್ನು, ಆ ಜಿಲ್ಲೆಯಲ್ಲಿ ಇನ್ನೇನೇನು ತೆರೆದಿದೆ ಎಂಬ ಪಟ್ಟಿಯನ್ನು ಸರ್ಕಾರ ಬರೆದು ಪ್ರಕಟಿಸಲಿ. ಆ ಕೊನೆಯ ಪಟ್ಟಿ ಬರೆಯಬೇಕಾಗಿ ಬಂದರೆ ಅನೇಕ ಆದೇಶಗಳು ಹೊರಬೀಳಲಾರವು ಎಂಬುದು ನನ್ನ ಊಹೆ.

ತೆರೆದ ಮೇಲಿನ ಕೆಲಸದ ಬಗ್ಗೆ ಒಂದೆರಡು ಮಾತು. 2022ರ ಮೇ 16ರಂದು ಶಾಲೆ ಶುರುವಾದಾಗ ಆ ವರ್ಷವನ್ನು ‘ಕಲಿಕಾ ಚೇತರಿಕೆ’ಯ ವರ್ಷವೆಂದು ಘೋಷಿಸಿ, ಮೊದಲ ಎರಡು ವಾರ ‘ಮಳೆಬಿಲ್ಲು’ ಹೆಸರಿನಲ್ಲಿ ಆಟ, ಹಾಡು, ಚಿತ್ರಗಳಿಂದ ಮಕ್ಕಳನ್ನು ಶಾಲೆಗೆ ಒಗ್ಗಿಸಿದರು. ಪಠ್ಯ ಮುಗಿಸುವ ಧಾವಂತವನ್ನು ಬದಿಗಿಟ್ಟು ಮಗು ನಿಂತಲ್ಲಿಂದ ಶುರುಮಾಡಿ ಎಂದು ಇಲಾಖೆಯೇ ಹೇಳಿದ್ದು ನಮ್ಮಲ್ಲಿ ಅಪರೂಪ. ಆದರೆ ಚೇತರಿಕೆಗೆ ಮುಖ್ಯವಾಗಿ ಒಂದು ವರ್ಷವನ್ನು ಮೀಸಲಿಟ್ಟೆವು. 2020ರ ಜೂನ್‌ನಲ್ಲಿ ಒಂದನೆಯ ತರಗತಿಗೆ ಹೆಸರು ಹಚ್ಚಿಸಿದ ಮಗು ತರಗತಿಯೊಳಗೆ ಮೊದಲು ಕುಳಿತದ್ದು ಎರಡನೆಯ ತರಗತಿಯ ನಡುವೆ. ಓದಲು ಬಾರದೆಯೇ ಅದು ಮೂರಕ್ಕೆ, ನಾಲ್ಕಕ್ಕೆ ಏರಿತು. ಆ ತಂಡ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವುದು 2030ರಲ್ಲಿ. ಅಲ್ಲಿಯವರೆಗೆ ಪ್ರತಿ ವರ್ಷ ಆ ಮಕ್ಕಳ ಓದು, ಲೆಕ್ಕ, ಹಾಜರಿ, ನಡುವೆ ಶಾಲೆ ಬಿಟ್ಟವರ ಸಂಖ್ಯೆ, ಅವರಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಂಖ್ಯೆ ಇವನ್ನು ತಾಲ್ಲೂಕುವಾರು ಪ್ರತ್ಯೇಕವಾಗಿ ದಾಖಲಿಸಿ ಪ್ರಕಟಿಸಬೇಕು. ಆ ತಂಡಕ್ಕೆಂದೇ ಹೆಚ್ಚುವರಿ ಶಿಕ್ಷಕರನ್ನು ಕೊಡಬೇಕು. ದಾಖಲಾತಿಯ ಮಾಹಿತಿ ಇಲಾಖೆಯ ಕಂಪ್ಯೂಟರುಗಳಲ್ಲಿ ಈಗಾಗಲೇ ಇದೆ. ಯಾವ ವರ್ಷ ಸೇರಿದವರು ಎಂಬ ಕಾಲಮ್ಮಿನಲ್ಲಿ 2020 ಎಂದು ಹುಡುಕಿದರೆ ಆ ಮಕ್ಕಳು ಸಿಗುತ್ತಾರೆ.